ಮನಿಯ ಸ್ವರ, ಪುಸ್ತಕದ ಸ್ವರ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಒಂದನೇ ತರಗತಿಗೆ ಬಂದ ಮಗು ಮನೆಗೆ ಮನಿ ಅನ್ನುತ್ತದೆ. ಆನೆಗೆ ಆನಿ, ತೋಟಕ್ಕೆ ತ್ವಾಟ, ಬೇಳೆಗೆ ಬ್ಯಾಳಿ. ಅದರ ಕೈಗೆ ಬರುವ ಪುಸ್ತಕದಲ್ಲಿ ಇವೆಲ್ಲ ಮನೆ, ಆನೆ, ತೋಟ, ಬೇಳೆ. ಎರಡೂ ಕಡೆ ವ್ಯಂಜನಗಳು ಹೆಚ್ಚುಕಡಿಮೆ ಅವೇ ಇವೆ, ವ್ಯತ್ಯಾಸವೆಲ್ಲ ಸ್ವರದಲ್ಲಿದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳದೂ ಇದೇ ಸ್ಥಿತಿ. ಓದು ಕಲಿಯುವ ಮೊದಲ ಮೂರು ವರ್ಷಗಳಲ್ಲಿ ಇವರು ದಾಟಬೇಕಾದ ದೊಡ್ಡ ಹಳ್ಳ ಸ್ವರಗಳದ್ದೇ.

ಆದರೂ ಸ್ವರ ಕಲಿಸುವುದನ್ನು ನಾವು ಬಲು ಸುಲಭದ ಕೆಲಸವೆಂದು ತಿಳಿದಿದ್ದೇವೆ. ಗೋಡೆಯ ಮೇಲೆ ಅ-ಆ-ಇ-ಈ ತೂಗುಹಾಕಿ, ಮಕ್ಕಳು ಅದನ್ನು ರಾಗವಾಗಿ ಒಪ್ಪಿಸಿದರೆ ಸ್ವರದ ಪಾಠ ಮುಗಿಯಿತು ಎಂದುಕೊಳ್ಳುತ್ತೇವೆ. ಕೂಲಿಮಠವೆಂಬ ಹಳೆಯ ಹಳ್ಳಿಶಾಲೆಯ ಕಾಲದಿಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯವರೆಗೆ ಬಂದ ಬಗೆಗಳನ್ನೂ ಓದಿನ ಬಗ್ಗೆ ನಡೆದ ಅಧ್ಯಯನಗಳನ್ನೂ ಈ ಸೀಮೆಯ ಮಾತನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕನ್ನಡದ ಸ್ವರ ನೆಲೆಸಿರುವುದು ಕಾಗುಣಿತದಲ್ಲಿ. ಅದನ್ನು ಕಲಿಸುವ ಕೆಲಸ ಮಗುವಿನ ಕಿವಿಯಿಂದ, ಅದರ ಮನೆಯ ಮಾತಿನಿಂದ ಶುರುವಾಗಬೇಕು.

ಹದಿಮೂರು ಅಕ್ಷರ, ನಾನೂರು ಮೀರಿದ ರೂಪ

ಇಂದಿನ ವರ್ಣಮಾಲೆಯಲ್ಲಿ ಅ ಇಂದ ಔವರೆಗೆ 13 ಸ್ವರಗಳು, ಅನುಸ್ವಾರ ಮತ್ತು ವಿಸರ್ಗ ಎಂಬ 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49. ಸ್ವರಗಳು ಬಹುಪಾಲು ಹ್ರಸ್ವ-ದೀರ್ಘದ ಜೋಡಿಗಳಾಗಿ ನಿಂತಿರುವುದರಿಂದ ನೆನಪಿಡಲು ಸುಲಭ. ಆದರೆ ಒಂದು ಸಂಗತಿಯನ್ನು ನಾವು ಗಮನಿಸುವುದಿಲ್ಲ. ಬಿಡಿ ಸ್ವರಾಕ್ಷರ ಬರುವುದು ಬಹುತೇಕ ಪದದ ಮೊದಲಲ್ಲಿ ಮಾತ್ರ. ಇಂಡಿ ಎಂಬ ಹೆಸರಿನಲ್ಲಿ ಇ ಎರಡು ಸಲ ಕೇಳಿಸುತ್ತದೆ, ಅಕ್ಷರವಾಗಿ ಕಾಣುವುದು ಒಂದೇ ಸಲ. ಎರಡನೆಯದು ಡಕಾರದ ತಲೆಯ ಮೇಲೆ ಗುಡಿಸಾಗಿ ಕೂತಿರುತ್ತದೆ. ಬಾಗೇವಾಡಿ ಎಂಬ ಹೆಸರಿನಲ್ಲಿ ನಾಲ್ಕು ಸ್ವರಗಳಿವೆ, ಒಂದೂ ಸ್ವರಾಕ್ಷರವಿಲ್ಲ. ಗೋಡೆಯ ಪಟದಲ್ಲಿ ಕಲಿತ 13 ಅಕ್ಷರಗಳು ಮಗುವಿಗೆ ಓದಿನಲ್ಲಿ ಅಪರೂಪಕ್ಕೆ ಎದುರಾಗುತ್ತವೆ. ಸಾಲುಸಾಲಾಗಿ ಎದುರಾಗುವುದು ಇಳಿ, ಗುಡಿಸು, ಕೊಂಬು, ಎತ್ವ, ಒತ್ವ ಎಂಬ ಸ್ವರಚಿಹ್ನೆಗಳು. 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ 442 ರೂಪಗಳು. ಎಲ್ಲವೂ ಬಳಕೆಯಲ್ಲಿಲ್ಲ ನಿಜ, ಬಳಕೆಯಲ್ಲಿರುವವೇ ಒಂದನೇ ತರಗತಿಯ ಮಗುವಿಗೆ ಸಾಕಷ್ಟಾಯಿತು.

ಈ ಚಿಹ್ನೆಗಳು ಒಂದೇ ನಿಯಮಕ್ಕೆ ಬಗ್ಗುವುದೂ ಇಲ್ಲ. ಕ, ಗ, ತಗಳಿಗೆ ತಲಕಟ್ಟು ಇದೆ. ಖ, ಜ, ಟ, ಣ, ಬ, ಲಗಳಿಗೆ ಇಲ್ಲ, ಆದರೂ ಅಕಾರ ಎರಡೂ ಕಡೆ ಕೇಳಿಸುತ್ತದೆ. ಕೊಂಬು ಬಹುಪಾಲು ಅಕ್ಷರಗಳಿಗೆ ಬಲಗಡೆ ಸೇರಿದರೆ ಪ, ಫ, ವಗಳಿಗೆ ಕೆಳಗಿಳಿದು ಸೇರುತ್ತದೆ. ವಕಾರಕ್ಕೆ ಎಲ್ಲದರಂತೆ ಸೇರಿಸಿದರೆ ಅದು ಮಕಾರವಾಗಿ ಕಂಡೀತು. ಮೊ, ಯೊ ಎಂಬಲ್ಲಿ ಒತ್ವ ಬೇರೆ ಆಕಾರ ತಾಳುತ್ತದೆ. ಕೀ, ಕೇ, ಕೋ ಮೂರಕ್ಕೂ ದೀರ್ಘದ ಗುರುತು ಒಂದೇ. ಕಾ, ಕೂಗಳಿಗೆ ಅದು ಇಲ್ಲ. ಹಳೆಯ ಶಾಸನಗಳಲ್ಲಿ ಎ-ಏ, ಒ-ಓಗಳ ಭೇದವನ್ನು ಬರಹದಲ್ಲಿ ತೋರಿಸುತ್ತಿರಲಿಲ್ಲ, ಓದುವವನೇ ಸಂದರ್ಭ ನೋಡಿ ತಿಳಿಯಬೇಕಿತ್ತು. ಇಂದಿನ ಮಗುವಿಗೆ ಗುರುತು ಸಿಕ್ಕಿದೆ. ಆ ಪುಟ್ಟ ಗುರುತನ್ನು ಕಂಡುಹಿಡಿದು ಅದಕ್ಕೆ ತಕ್ಕಂತೆ ಸ್ವರ ಎಳೆಯುವುದನ್ನು ಯಾರಾದರೂ ಕಲಿಸಿಕೊಡಬೇಕು.

ಎಲ್ಲಕ್ಕಿಂತ ಕಷ್ಟದ್ದು ಒತ್ತಕ್ಷರದ ಜೊತೆ ಬರುವ ಸ್ವರ. ಆಲಮಟ್ಟಿ ಎಂದು ಬರೆದಾಗ ಗುಡಿಸು ಮೇಲಿನ ಟಕಾರಕ್ಕೆ ಅಂಟಿರುತ್ತದೆ, ಸ್ವರ ಕೇಳಿಸುವುದು ಕೆಳಗಿನ ಒತ್ತನ್ನೂ ಉಚ್ಚರಿಸಿದ ಮೇಲೆ. ಮುದ್ದೇಬಿಹಾಳದ ಏತ್ವವೂ ಹಾಗೆಯೇ. ಕಣ್ಣು ಕಾಣುವ ಕ್ರಮ ಒಂದು, ಕಿವಿ ಕೇಳುವ ಕ್ರಮ ಇನ್ನೊಂದು. ಮುದ್ದೇಬಿಹಾಳವನ್ನು ಮಗು ಮುದೇದಬಿಹಾಳ ಎಂದು ಓದಿದರೆ ಅದು ದಡ್ಡತನವಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ, ಅಷ್ಟೆ.

ಕೂಲಿಮಠದಿಂದ ನಲಿ-ಕಲಿವರೆಗೆ

ಹಳ್ಳಿಯ ಕೂಲಿಮಠಗಳಲ್ಲಿ ಶಿಕ್ಷಕರಾದ ಐಗಳು ಮರಳಿನ ಮೇಲೆ ಬೆರಳಾಡಿಸಿ ಓಂ ನಮಃ ಸಿದ್ಧಂ ಬರೆಸುತ್ತಿದ್ದರು, ಮಗು ಅದರ ಮೇಲೆ ತಿದ್ದುತ್ತಿತ್ತು. ಕೈ, ಬಾಯಿ, ಕಿವಿ ಮೂರಕ್ಕೂ ಒಟ್ಟಿಗೆ ಕೆಲಸವಿದ್ದುದು ಆ ಪದ್ಧತಿಯ ಬಲ. ಬಾಯಿಪಾಠವೇ ಓದು ಎಂಬ ನಂಬಿಕೆ ಅದರ ಮಿತಿ. ಬ್ರಿಟಿಷರ ಆಡಳಿತದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಭಾಗದ ಶಾಲೆಗಳಲ್ಲಿ ಬಹುಕಾಲ ಮರಾಠಿಯದೇ ಕಾರುಬಾರು. ಧಾರವಾಡ-ಬೆಳಗಾವಿ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ (1834–1881) ಕಾಲದಲ್ಲಿ ಕನ್ನಡ ಮಗುವಿಗೆ ಕನ್ನಡದ ಅಕ್ಷರ ಸಿಗುವುದೇ ಒಂದು ಹೋರಾಟವಾಗಿತ್ತು. ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ನೆಮ್ಮದಿಯಿಂದ ಕೂತು ಯೋಚಿಸುವ ಅವಕಾಶ ಆಮೇಲಿನದು.

ಶಾಲೆಗಳು ಹೆಚ್ಚಿದ ಮೇಲೆ ಮನೆಮನೆಗೆ ಬಂದದ್ದು ಅಂಕಲಿಪಿ. ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಕಾಗುಣಿತ, ಕೊನೆಗೆ ಒತ್ತಕ್ಷರ: ಇದು ಅದರ ಕ್ರಮ. ಈ ಕ್ರಮದಲ್ಲಿ ಶಿಸ್ತಿದೆ. ಅಕ್ಷರ ಬಲ್ಲ ಅಜ್ಜಿಯೂ ಅಕ್ಕನೂ ಮನೆಯಲ್ಲೇ ಹೇಳಿಕೊಡಬಹುದು. ತೊಂದರೆ ಏನೆಂದರೆ, 49 ಅಕ್ಷರ ಮುಗಿದು ಕಾಗುಣಿತ ಬರುವವರೆಗೆ ಮಗುವಿಗೆ ತನ್ನ ಊರಿನ, ತನ್ನ ಊಟದ ಪದಗಳನ್ನು ಓದುವ ಭಾಗ್ಯವಿಲ್ಲ. ತಿಂಗಳುಗಟ್ಟಲೆ ಅಕ್ಷರ ತಿದ್ದಿದರೂ ಓದಿನ ರುಚಿ ಹತ್ತುವುದಿಲ್ಲ.

ಇದಕ್ಕೆ ಉತ್ತರವಾಗಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಮೊಳೆಯಿತು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ಅದಕ್ಕೆ ಪ್ರೇರಣೆ, ಯುನಿಸೆಫ್‌ನ ನೆರವಿತ್ತು, ರೂಪಿಸಿದವರಲ್ಲಿ ಶಾಲಾ ಶಿಕ್ಷಕರೇ ಮುಂದಿದ್ದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಲಿ-ಕಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಗುಂಪಿನಿಂದ ಶುರುಮಾಡುತ್ತದೆ. ಐದೇ ಅಕ್ಷರ ಬಂದ ಮಗು ಸರ, ಅರಸ, ಅಗಸ, ಗರಗಸ ಓದಬಲ್ಲದು. ಅಗರಖೇಡದ ಮಗು ತನ್ನ ಊರ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಈ ಮೊದಲ ಗುಂಪಿನಿಂದಲೇ ಓದಿಬಿಡುತ್ತದೆ. ಸ್ವರಗಳು ಒಟ್ಟಿಗೆ ನುಗ್ಗದೆ ವ್ಯಂಜನಗಳ ನಡುವೆ ಒಂದೊಂದಾಗಿ ಬರುತ್ತವೆ, ಅವುಗಳ ಚಿಹ್ನೆಗಳೂ ಹಂತಹಂತವಾಗಿ ಸೇರಿಕೊಳ್ಳುತ್ತವೆ.

ಈ ಸೀಮೆಗೆ ನಲಿ-ಕಲಿಯಿಂದ ಇನ್ನೊಂದು ಉಪಕಾರವಿದೆ. ವಿಜಯಪುರ ಜಿಲ್ಲೆಯಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತವೆ. ಜೂನ್‌ನಲ್ಲಿ ಶಾಲೆಗೆ ಬಂದ ಮಗು ದೀಪಾವಳಿ ಹೊತ್ತಿಗೆ ಅಪ್ಪ-ಅವ್ವನ ಜೊತೆ ಹೊರಟುಬಿಟ್ಟರೆ ಕಾಗುಣಿತ ತಪ್ಪಿಹೋಗುತ್ತದೆ. ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಲು ಬಿಡುವ ನಲಿ-ಕಲಿಯ ಕಲಿಕಾ ಏಣಿ ಇಂಥ ಮಗುವಿಗಾಗಿಯೇ ಮಾಡಿದಂತಿದೆ. ಆದರೆ ಕಾರ್ಡು, ತಟ್ಟೆ, ಗುಂಪುಗಳನ್ನು ನಡೆಸುವ ಶಿಕ್ಷಕರಿಗೆ ಬಿಡುವಿರಬೇಕು, ತರಬೇತಿ ಇರಬೇಕು. ಇಲ್ಲದಿದ್ದರೆ ಮಗು ಕಾರ್ಡು ದಾಟುತ್ತದೆ, ಸ್ವರ ದಾಟುವುದಿಲ್ಲ.

ಮೂರನೆಯ ಬಗೆ ಕಾಗುಣಿತದ ಪಟ. ಪ್ರಥಮ್ ಸಂಸ್ಥೆ ದೇಶದ ಹಲವೆಡೆ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಬಾರಾಖಡಿ ಎಂಬ ಕಾಗುಣಿತದ ಪಟವನ್ನು ದಿನವೂ ಓದಿಸಿ, ಕಥೆ-ಆಟಗಳ ಜೊತೆ ಹೆಣೆಯುತ್ತದೆ. ನಮ್ಮ ರಾಜ್ಯದಲ್ಲಿ 4 ಮತ್ತು 5ನೇ ತರಗತಿಗಳಿಗೆ ಬಂದ ಓದು ಕರ್ನಾಟಕ ಕಾರ್ಯಕ್ರಮವೂ ಇದೇ ಹಾದಿಯದು. ಅಡ್ಡಸಾಲಿನಲ್ಲಿ ವ್ಯಂಜನ ಒಂದೇ, ಸ್ವರ ಬದಲಾಗುತ್ತದೆ; ಉದ್ದಸಾಲಿನಲ್ಲಿ ಸ್ವರ ಒಂದೇ, ವ್ಯಂಜನ ಬದಲಾಗುತ್ತದೆ. ಕನ್ನಡ ಬರಹದ ಒಳಗುಟ್ಟು ಈ ಪಟದಲ್ಲಿ ಕಣ್ಣಿಗೆ ಕಟ್ಟುವಂತೆ ಇದೆ. ಅಪಾಯವೂ ಅಲ್ಲೇ ಇದೆ: ಕ ಕಾ ಕಿ ಕೀ ಎಂದು ರಾಗ ಹಿಡಿದ ಮಗು ಪಟದಲ್ಲಿ ಎಷ್ಟನೆಯ ಮನೆ ಎಂದು ನೋಡಿ ಹೇಳುತ್ತದೆ, ಚಿಹ್ನೆಯನ್ನು ನೋಡುವುದಿಲ್ಲ. ನಡುವಿನ ಒಂದು ಮೂ ಅಥವಾ ತೊ ತೋರಿಸಿ ಕೇಳಿದರೆ ಮೊದಲಿನಿಂದ ರಾಗ ತೆಗೆಯುತ್ತದೆ. ಪಟದ ಪಾಠ ಕ್ರಮ ತಪ್ಪಿಸಿ ಓದಿಸಿದಾಗಲೇ ಪೂರ್ತಿಯಾಗುವುದು.

ಅಧ್ಯಯನಗಳು ಹೇಳುವುದು

ಕನ್ನಡದಲ್ಲಿ ಓದು ಕಲಿಯುವ ಮಕ್ಕಳ ಬಗ್ಗೆ ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದದ್ದು. ಇಂಗ್ಲಿಷಿನ 26 ಅಕ್ಷರಗಳಂತೆ ಕನ್ನಡದ ಅಕ್ಷರಗಳು ಒಂದು ವರ್ಷದಲ್ಲಿ ಮುಗಿಯುವುದಿಲ್ಲ, ಕಲಿಕೆ ನಾಲ್ಕನೇ ತರಗತಿಯವರೆಗೂ ಚಾಚುತ್ತದೆ ಎಂಬುದು ಅದರ ಒಂದು ಕಾಣ್ಕೆ. ಮಕ್ಕಳು ಮಾತನ್ನು ಅಕ್ಷರ ಅಕ್ಷರವಾಗಿ ಬೇಗ ಬಿಡಿಸುತ್ತಾರೆ. ಒಂದು ಅಕ್ಷರದೊಳಗಿನ ವ್ಯಂಜನ ಮತ್ತು ಸ್ವರವನ್ನು ಬೇರೆಬೇರೆಯಾಗಿ ಗುರುತಿಸುವ ಶಕ್ತಿ ನಿಧಾನವಾಗಿ ಬರುತ್ತದೆ ಎಂಬುದು ಇನ್ನೊಂದು. ಮಕ್ಕಳಿಗೆ ಕಿ ಒಂದೇ ಗಟ್ಟಿ. ಅದರಲ್ಲಿ ಕ್ ಇದೆ, ಇ ಇದೆ ಎಂದು ಕೇಳಿಸಿಕೊಂಡ ಮಗುವಿಗೆ ಚಿ, ತಿ, ಪಿಗಳು ಹೇಳಿಕೊಡದೆಯೇ ಬರುತ್ತವೆ. ಕೇಳಿಸಿಕೊಳ್ಳದ ಮಗು ನಾನೂರು ರೂಪಗಳನ್ನೂ ಒಂದೊಂದಾಗಿ ನೆನಪಿಡಬೇಕಾಗುತ್ತದೆ.

ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿ ಜಿಲ್ಲೆಯಲ್ಲಿ ಕನ್ನಡದ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾದಲ್ಲಿ ಮರಾಠಿಯ ಮಕ್ಕಳನ್ನೂ ಮೂರು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದ ವರದಿ 2017ರಲ್ಲಿ ಬಂತು. ಯಾದಗಿರಿಯೂ ಭೀಮಾ ನದಿ ಹರಿಯುವ ಜಿಲ್ಲೆ, ಆದ್ದರಿಂದ ವಿಜಯಪುರಕ್ಕೆ ಇದು ಹತ್ತಿರದ ಸಾಕ್ಷಿ. ತರಗತಿಯ ಹೊತ್ತಿನ ಬಹುಭಾಗ ಅಕ್ಷರ ಹೇಳಿಸುವುದು ಮತ್ತು ನಕಲು ಬರೆಸುವುದರಲ್ಲಿ ಕಳೆದು, ಅರ್ಥದ ಓದಿಗೆ ಸಮಯವೇ ಉಳಿಯದ್ದನ್ನು ಅದು ತೋರಿಸಿತು. ದೇಶದ ಹಳ್ಳಿಗಳಲ್ಲಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಯ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. ಏರಿಕೆ ಇದೆ; ನಾಲ್ವರಲ್ಲಿ ಮೂವರು ಇನ್ನೂ ಹೊರಗಿದ್ದಾರೆ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ 2026-27ರೊಳಗೆ ಅರ್ಥವಾಗುವಂತೆ ಓದಬೇಕೆಂಬ ಗುರಿಯಿಟ್ಟು 2021ರ ಜುಲೈನಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಈ ಅಂತರವನ್ನು ದಾಟಬೇಕಿದೆ.

ಭೀಮೆಯ ದಂಡೆಯ ಸ್ವರಗಳು

ಈ ಸೀಮೆಯ ಮಾತಿನಲ್ಲಿ ಸ್ವರಗಳು ಮನಬಂದಂತೆ ಬದಲಾಗುವುದಿಲ್ಲ, ಅದಕ್ಕೊಂದು ನೇಮವಿದೆ. ಪದದ ಕೊನೆಯ ಎ ಇ ಆಗುತ್ತದೆ: ತಲಿ, ಎಲಿ, ಹೊಳಿ. ಕೊನೆಯ ಉ ಹಲವು ಪದಗಳಲ್ಲಿ ಅ ಆಗುತ್ತದೆ: ಹಾಲ, ಎರಡ. ಏ ಮತ್ತು ಓಗಳು ಮುಂದಿನ ಅಕ್ಷರದ ಸ್ವರ ನೋಡಿಕೊಂಡು ನಡೆಯುತ್ತವೆ. ಮುಂದೆ ಇ ಅಥವಾ ಉ ಇದ್ದರೆ ಹಾಗೆಯೇ ಉಳಿಯುತ್ತವೆ: ಬೇಕು, ಬೇಲಿ, ಓಣಿ. ಮುಂದೆ ಅ ಇದ್ದರೆ, ಇಲ್ಲವೆ ಬರಹದ ರೂಪದಲ್ಲಿ ಎ ಇದ್ದರೆ, ಬಾಯಿ ಅಗಲಿಸುತ್ತವೆ: ಬ್ಯಾಡ, ಪ್ಯಾಟಿ, ಕ್ವಾಣ, ಗ್ವಾಡಿ. ಬೇಕು ಎನ್ನುವ ಮಗುವೇ ಬ್ಯಾಡ ಎನ್ನುತ್ತದೆ. ಏಕಾರ ಅದಕ್ಕೆ ಬಾರದ್ದೇನೂ ಅಲ್ಲ. ಇದನ್ನು ಬಲ್ಲ ಶಿಕ್ಷಕಿ ಏಕಾರವನ್ನು ಬೇಲಿ, ಏಡಿಗಳಿಂದ, ಓಕಾರವನ್ನು ಓಣಿಯಿಂದ ಶುರುಮಾಡುತ್ತಾಳೆ. ಮಗುವಿನ ಬಾಯಲ್ಲಿರುವ ಸ್ವರವೂ ಪಾಟಿಯ ಮೇಲಿನ ಸ್ವರವೂ ಅಲ್ಲಿ ಒಂದೇ ಆಗಿರುತ್ತವೆ. ಬೇಳೆ, ತೋಟಗಳು ಆಮೇಲೆ ಬರಲಿ.

ಚಿತ್ರ ನೋಡಿ ಸ್ವರ ಹೇಳಿಸುವಾಗಲೂ ಈ ಎಚ್ಚರ ಬೇಕು. ಏಣಿಯ ಚಿತ್ರ ತೋರಿಸಿದರೆ ಈ ಕಡೆಯ ಎಷ್ಟೋ ಮಕ್ಕಳು ನಿಚ್ಚಣಿಕಿ ಎನ್ನುತ್ತಾರೆ, ಏಕಾರದ ಪಾಠ ಅಲ್ಲೇ ಕೆಡುತ್ತದೆ. ಉಕಾರಕ್ಕೆ ಉಳ್ಳಾಗಡ್ಡಿ, ಔಕಾರಕ್ಕೆ ಔಡಲ ಇಲ್ಲಿನ ಮಗುವಿಗೆ ಬೇಗ ಹತ್ತುತ್ತವೆ. ಊರ ಹೆಸರುಗಳೇ ಒಂದು ಸ್ವರಪಟ: ಅಗರಖೇಡ, ಆಲಮೇಲ, ಆಲಮಟ್ಟಿ, ಇಂಡಿ, ಇಂಗಳೇಶ್ವರ, ಉಕ್ಕಲಿ. ಚಡಚಣ ಎಂಬ ಹೆಸರು ಅಕಾರದ್ದೇ ಆದ್ದರಿಂದ ಒಂದೂ ಚಿಹ್ನೆ ಬಾರದ ಮಗುವೂ ಬಸ್ಸಿನ ಬೋರ್ಡಿನ ಮೇಲೆ ಅದನ್ನು ಓದಬಲ್ಲದು. ಋಕಾರಕ್ಕೆ ಕೃಷ್ಣೆಯೇ ಇದ್ದಾಳೆ. ಅದನ್ನು ಯಾರೂ ಇಂದು ಶುದ್ಧ ಸ್ವರವಾಗಿ ಉಚ್ಚರಿಸುವುದಿಲ್ಲವಾದ್ದರಿಂದ ಅದರ ಬರಹದ ರೂಪವನ್ನಷ್ಟೇ ಪರಿಚಯಿಸಿದರೆ ಸಾಕು. ಋ, ಐ, ಔಗಳು ಕನ್ನಡ ಬರಹಕ್ಕೆ ಬೇಕೇ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಎತ್ತಿದ ಪ್ರಶ್ನೆ ದೊಡ್ಡದು. ಅದು ಬಗೆಹರಿಯುವವರೆಗೆ ಈ ಮೂರನ್ನು ಕೊನೆಗೆ ಕಲಿಸುವುದಕ್ಕಂತೂ ಅಡ್ಡಿಯಿಲ್ಲ.

ಎಲ್ಲ ಮಕ್ಕಳ ಮನೆಮಾತು ಕನ್ನಡವೂ ಅಲ್ಲ. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಮರಾಠಿ ಮನೆಯಿಂದ ಬಂದ ಮಗುವಿಗೆ ಕೊಡು-ಕೋಡುಗಳ ವ್ಯತ್ಯಾಸವನ್ನು ಕಿವಿಗೇ ಮೊದಲು ಕಲಿಸಬೇಕು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಅದನ್ನು ಮೊದಲು ಕಲಿತ ಮಗುವಿಗೆ ಬಹುತೇಕ ಪ್ರತಿ ಸ್ವರಕ್ಕೂ ಗುರುತು ಹಾಕುವ ಕನ್ನಡ ಹೊಸತು. ತಾಂಡಾದ ಲಂಬಾಣಿ ಮಗುವಿಗೆ ಅಕ್ಷರದ ಜೊತೆ ಪದದ ಅರ್ಥವೂ ಹೊಸದು, ಅದಕ್ಕೆ ಮಾತಿನ ಪಾಠ ಮೊದಲು ಬೇಕು. ಗಡಿಯಾಚೆಯ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಪುಣೆಯ ಬಾಲಭಾರತಿ ಅಚ್ಚುಮಾಡಿದ ಕನ್ನಡ ಪುಸ್ತಕವಿದೆ. ಎರಡು ರಾಜ್ಯದ ಪುಸ್ತಕ ಬೇರೆಯಾದರೂ ಮಕ್ಕಳ ಬಾಯಲ್ಲಿ ಮನಿ ಮನಿಯೇ.

ಈ ಸೀಮೆಯ ಮಾತು ಅಚ್ಚಿಗೆ ಅನರ್ಹ ಎಂಬ ಕೀಳರಿಮೆಗೆ ಇಲ್ಲಿ ಜಾಗವೇ ಇಲ್ಲ. ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಬರೆದುಕೊಂಡು ಕೂಡಿಸಿದ ಗರತಿಯ ಹಾಡು 1931ರಷ್ಟು ಹಿಂದೆಯೇ ಪ್ರಕಟವಾಯಿತು. ಸಿಂಪಿ ಲಿಂಗಣ್ಣನವರು ಸ್ವತಃ ಶಾಲಾ ಶಿಕ್ಷಕರು. ಬೇಂದ್ರೆಯವರ ಕಾವ್ಯ ಉತ್ತರ ಕರ್ನಾಟಕದ ಆಡುಮಾತಿನಲ್ಲೇ ಎತ್ತರಕ್ಕೇರಿತು. ಇಂಥ ಪರಂಪರೆಯ ನೆಲದಲ್ಲಿ ಮನಿ ಎಂದ ಮಗುವಿಗೆ ತಪ್ಪು ಎಂದು ಗದರುವುದು ಅನ್ಯಾಯ.

ಫೋನಿಕ್ಸ್ ನಮಗೆ ಎಷ್ಟು ಬೇಕು?

ಇಂಡಿ, ಸಿಂದಗಿಯಂಥ ಊರುಗಳಿಗೂ ಇಂಗ್ಲಿಷ್ ಮಾಧ್ಯಮದ ಜೊತೆ, ಅಕ್ಷರಕ್ಕೆ ಧ್ವನಿ ಜೋಡಿಸಿ ಓದು ಕಲಿಸುವ ಫೋನಿಕ್ಸ್ ಬಂದಿದೆ. ಇಂಗ್ಲಿಷಿನಲ್ಲಿ ಸ್ವರಾಕ್ಷರ ಐದು, ಸ್ವರಧ್ವನಿಗಳು ಸುಮಾರು ಇಪ್ಪತ್ತು. ಅಕ್ಷರದ ಹೆಸರೇ ಬೇರೆ, ಉಚ್ಚಾರವೇ ಬೇರೆ. 2003ರಲ್ಲಿ ಫಿಲಿಪ್ ಸೆಮೂರ್ ಮತ್ತು ಸಂಗಡಿಗರು 13 ಐರೋಪ್ಯ ಭಾಷೆಗಳನ್ನು ಹೋಲಿಸಿದಾಗ, ಮೊದಲ ವರ್ಷದ ಕೊನೆಗೆ ಹೆಚ್ಚಿನ ಭಾಷೆಗಳ ಮಕ್ಕಳು ಸರಳ ಪದಗಳಲ್ಲಿ ಶೇ 90ಕ್ಕೂ ಹೆಚ್ಚು ಸರಿಯಾಗಿ ಓದಿದರೆ ಇಂಗ್ಲಿಷಿನ ಮಕ್ಕಳು ಓದಿದ್ದು ಮೂರರಲ್ಲಿ ಒಂದರಷ್ಟು. ಫೋನಿಕ್ಸ್ ಆ ಭಾಷೆಯ ಆ ಕಷ್ಟಕ್ಕೆ ಹುಡುಕಿದ ಮದ್ದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. ನಮ್ಮ ಕಷ್ಟ ಚಿಹ್ನೆಗಳ ಸಂಖ್ಯೆಯಲ್ಲಿ, ಅವು ಕೂರುವ ಜಾಗದಲ್ಲಿ ಇದೆ. ಫೋನಿಕ್ಸ್‌ನಿಂದ ನಾವು ತೆಗೆದುಕೊಳ್ಳಬೇಕಾದ್ದು ಒಂದೇ: ಅಕ್ಷರ ತೋರಿಸುವ ಮೊದಲು ಧ್ವನಿಯನ್ನು ಕಿವಿಗೆ ಕೇಳಿಸುವುದು.

ತರಗತಿಯಲ್ಲಿ ಆಗಬೇಕಾದ್ದು

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ನಮ್ಮ ವ್ಯಾಕರಣ ಹೇಳುತ್ತದೆ. ಮಕ್ಕಳು ಅದನ್ನು ಚಪ್ಪಾಳೆಯಲ್ಲಿ ಕಲಿಯಲಿ: ಹೊಳಿ ಎಂಬುದಕ್ಕೆ ಒಂದು ಮೊಟಕು ತಟ್ಟು, ಹೋಳಿ ಎಂಬುದಕ್ಕೆ ಎಳೆದ ತಟ್ಟು. ಭೀಮೆಯ ದಂಡೆಯ ಮಗುವಿಗೆ ಇವೆರಡೂ ಗೊತ್ತಿರುವ ಪದ. ಆಮೇಲೆ ಒಂದೇ ಚೌಕಟ್ಟಿನಲ್ಲಿ ಸ್ವರ ಬದಲಿಸುವ ಆಟ: ಬಳೆ, ಬಾಳೆ, ಬೆಳೆ, ಬೇಳೆ. ಒಂದು ಚಿಹ್ನೆ ಬದಲಾದರೆ ಕೈಯ ಬಳೆ ಹೊಲದ ಬೆಳೆಯಾಗುತ್ತದೆ. ಚಿಹ್ನೆಗೆ ಅರ್ಥವಿದೆ ಎಂದು ಮಗುವಿಗೆ ಮನವರಿಕೆಯಾಗುವುದು ಇಲ್ಲಿ. ಇಳಿ, ಗುಡಿಸು, ಕೊಂಬುಗಳನ್ನು ವರ್ಣಮಾಲೆ ಮುಗಿಯುವವರೆಗೆ ಕಾಯಿಸದೆ ಮೊದಲ ತಿಂಗಳುಗಳಲ್ಲೇ ತರಬೇಕು. ಒತ್ತಕ್ಷರದ ಜೊತೆಗಿನ ಸ್ವರಕ್ಕೆ ಎರಡನೇ ತರಗತಿಯಲ್ಲಿ ಪ್ರತ್ಯೇಕ ಪಾಠ ಬೇಕು. ದಿನವೂ ಒಂದು ಕಥೆಯನ್ನೋ ಪದ್ಯವನ್ನೋ ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಬೇಕು. ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ.ಮ. ಪೂಜಾರರಂಥ ಮಕ್ಕಳ ಸಾಹಿತಿಗಳನ್ನು ಕೊಟ್ಟ ಜಿಲ್ಲೆ ಇದು. ಓದಿ ಹೇಳಲು ಪುಸ್ತಕಕ್ಕೆ ಬರವಿಲ್ಲ.

ಮನೆಯ ರೂಪ ಮತ್ತು ಪುಸ್ತಕದ ರೂಪವನ್ನು ಜೊತೆಯಲ್ಲೇ ಬರೆದು ತೋರಿಸುವುದು ಇನ್ನೊಂದು ಹಾದಿ. "ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ" ಎಂದು ಶಿಕ್ಷಕಿ ಹೇಳಿದರೆ ಮಗುವಿಗೆ ಅವಮಾನವಿಲ್ಲದೆ ಎರಡೂ ದಕ್ಕುತ್ತವೆ. ಪರೀಕ್ಷಿಸುವಾಗಲೂ ಈ ವಿವೇಕ ಬೇಕು. ಮನೆ ಎಂದು ಬರೆದದ್ದನ್ನು ಮನಿ ಎಂದು ಓದಿದ ಮಗು ಪದವನ್ನು ಗುರುತಿಸಿದೆ, ಅರ್ಥವನ್ನೂ ಹಿಡಿದಿದೆ. ಕೊಡು ಎಂಬುದನ್ನು ಕೋಡು ಎಂದು ಓದಿದ ಮಗು ಚಿಹ್ನೆಯಲ್ಲಿ ಎಡವಿದೆ. ಎರಡಕ್ಕೂ ಒಂದೇ ಕೆಂಪು ಗುರುತು ಹಾಕಿದರೆ ಯಾರಿಗೆ ಯಾವ ನೆರವು ಬೇಕೆಂದು ಶಿಕ್ಷಕರಿಗೇ ತಿಳಿಯದೆ ಹೋಗುತ್ತದೆ.

ಅಂಕಲಿಪಿಯ ಕ್ರಮವೋ ನಲಿ-ಕಲಿಯ ಕ್ರಮವೋ ಎಂಬ ಜಗಳ ಇನ್ನು ಸಾಕು. ಯಾವ ಕ್ರಮದಲ್ಲಿ ಕಲಿಸಿದರೂ ಅಕ್ಷರದೊಳಗಿನ ಸ್ವರ ಮಗುವಿಗೆ ಕೇಳಿಸಿದರೆ ಓದು ಬರುತ್ತದೆ, ಕೇಳಿಸದಿದ್ದರೆ ಬರುವುದಿಲ್ಲ. ಅದಕ್ಕೆ ಕನಿಷ್ಠ ಮೂರು ವರ್ಷ ಬೇಕೆಂದು ಒಪ್ಪಿಕೊಂಡು, ಸ್ವರದ ಪಾಠವನ್ನು ಮೂರು ತರಗತಿಗಳಿಗೂ ಹಂಚಬೇಕು. ವಿಜಯಪುರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಈ ಸೀಮೆಯ ಶಿಕ್ಷಕರನ್ನು ಕೂಡಿಸಿ, ಇಲ್ಲಿನ ಆಡುಮಾತಿನ ಸ್ವರನೇಮವನ್ನೂ ಇಲ್ಲಿನ ಪದಗಳನ್ನೂ ಒಳಗೊಂಡ ಕೈಪಿಡಿಯೊಂದನ್ನು ಮಾಡಿಕೊಡಲಿ. ಗುಳೆ ಹೋಗಿ ಬಂದ ಮಕ್ಕಳಿಗೆ ಬಿಟ್ಟುಹೋದ ಚಿಹ್ನೆಗಳನ್ನು ಕಲಿಸಲು ಪ್ರತ್ಯೇಕ ಹೊತ್ತು ಸಿಗಲಿ. ಮೂರನೇ ತರಗತಿಯ ಕೊನೆಗೆ ನಾವು ಕೇಳಬೇಕಾದ ಪ್ರಶ್ನೆ, ಮಗು ಅ-ಆ-ಇ-ಈ ಎಷ್ಟು ಬೇಗ ಒಪ್ಪಿಸುತ್ತದೆ ಎಂಬುದಾಗಿರಬಾರದು. ಯಾವ ವ್ಯಂಜನಕ್ಕೆ ಯಾವ ಸ್ವರ ಕೊಟ್ಟರೂ, ಕ್ರಮ ತಪ್ಪಿಸಿ ಕೇಳಿದರೂ ಓದುತ್ತದೆಯೇ ಎಂದು ಕೇಳೋಣ. ಹೌದು ಎಂಬ ಉತ್ತರ ಬರುವವರೆಗೆ ಆ ಮಗುವನ್ನು ಹಿಂದುಳಿದದ್ದು ಎನ್ನುವ ಹಕ್ಕು ನಮಗಿಲ್ಲ. ಕಲಿಸುವ ಕೆಲಸ ಬಾಕಿ ಉಳಿಸಿಕೊಂಡವರು ನಾವು.